ಎರಡನೆಯ ಡಿಸ್ಕು

ಬೆಳಿಗ್ಗೆ ಬಂದ ಕೂಡಲೇ ಪುಟ್ಟಿ ಮಾಡುವ ಮೊದಲ ಕೆಲಸಕ್ಕೆ ಮಾತು ಬೇಕಿರಲಿಲ್ಲ. ಎಕ್ಸ್‌ರೇ ಮೇಜಿನ ಅಂಚಿನಲ್ಲಿ ಸೀಸದ ಎರಡು ಪುಟ್ಟ ಬಿಲ್ಲೆಗಳಿರುತ್ತಿದ್ದವು, ಎಡಕ್ಕೆ 'ಎಲ್' ಅಕ್ಷರದ್ದೊಂದು, ಬಲಕ್ಕೆ 'ಆರ್' ಅಕ್ಷರದ್ದೊಂದು. ಹಿಂದಿನ ದಿನದ ಟೇಪಿನ ಅಂಟು ಅವುಗಳ ಬೆನ್ನಿಗೆ ಮೆತ್ತಿಕೊಂಡಿರುತ್ತಿತ್ತು. ಅದನ್ನು ಉಗುರಿನಿಂದ ಕೆರೆದು, ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ, ಬಿಲ್ಲೆಗಳನ್ನು ಕೋಟಿನ ಜೇಬಿಗೆ ಹಾಕಿಕೊಳ್ಳುವಳು. ಆಮೇಲೆ ಮೇಜು. ಆಮೇಲೆ ಗೋಡೆಯ ಕೊಕ್ಕೆಗಳಿಗೆ ತೂಗುಹಾಕಿದ, ಕಿರಣ ತಡೆಯುವ ಭಾರದ ಸೀಸದ ಅಂಗಿಗಳು. ಕೊನೆಗೆ ಆ ಅಂಗಿಗಳ ಕೆಳಗೆ, ಗಿಡ್ಡ ಸ್ಟೂಲಿನ ಮೇಲೆ ಕೂತ, ಎಕ್ಸ್‌ರೇ ಚಿತ್ರಗಳನ್ನೆಲ್ಲ ಕೂಡಿಡುವ ಕಪ್ಪು ಡಬ್ಬಿ. ಅದರ ಜಾಲರಿಗೆ ಹತ್ತಿದ ಧೂಳನ್ನು ಹಳೆಯ ಬ್ರಶ್ಶಿನಿಂದ ಮೆಲ್ಲಗೆ ಬಿಡಿಸುವಳು. ಜಾಲರಿಯ ಹಿಂದೆ ನಾಲ್ಕು ಹಸಿರು ದೀಪಗಳು ಮಿಣುಕುತ್ತಿರುತ್ತಿದ್ದವು.

ಅವತ್ತು ಬ್ರಶ್ಶು ಹಿಡಿದ ಕೈ ಜಾಲರಿಯ ಮುಂದೆ ನಿಂತೇಬಿಟ್ಟಿತು. ಈ ಡಬ್ಬಿಯೊಳಗೆ ಚಿಕ್ಕಮ್ಮನ ಹೊಟ್ಟೆಯ ಚಿತ್ರವಿತ್ತು. ಆ ಚಿತ್ರ ಇರುವವರೆಗೆ ತನಗೆ ಉಳಿಗಾಲವಿಲ್ಲ ಎಂದು ಪುಟ್ಟಿಗೆ ಆ ಕ್ಷಣದಲ್ಲಿ ಖಚಿತವಾಯಿತು.

ನಡೆದದ್ದು ಇಷ್ಟು. ಚಿಕ್ಕಮ್ಮನಿಗೆ ಬಹಳ ದಿನದಿಂದ ಸೊಂಟದ ಮೇಲೆ ಅಡ್ಡಡ್ಡ ನೋವು. ಎಡವೋ ಬಲವೋ ಅಂದರೆ 'ಎಲ್ಲ ಕಡೆನೂ' ಅನ್ನುತ್ತಿದ್ದಳು. ಬಣ್ಣದ ಔಷಧಿ ಚುಚ್ಚಿ ಎಕ್ಸ್‌ರೇ ತೆಗೆದದ್ದು ಪುಟ್ಟಿಯೇ. ಕೆಲಸ ಮಾಡುವ ಕಿಡ್ನಿಯಲ್ಲಿ ಆ ಔಷಧಿ ಬೆಳ್ಳಗೆ ಬೆಳಗುತ್ತದೆ, ಸತ್ತ ಕಿಡ್ನಿ ಕತ್ತಲಾಗಿಯೇ ಉಳಿಯುತ್ತದೆ. ಒಂದು ಕತ್ತಲಾಗಿತ್ತು. ಅದನ್ನು ತೆಗೆದುಹಾಕಲು ದೊಡ್ಡ ಡಾಕ್ಟರು ಆಪರೇಷನ್ ಮಾಡಿದರು. ಎಡಗಡೆಯದನ್ನು ತೆಗೆದರು. ಮಾರನೆಯ ದಿನ ಚಿಕ್ಕಮ್ಮನಿಗೆ ಒಂದು ಹನಿ ಮೂತ್ರವೂ ಬರಲಿಲ್ಲ. ಮತ್ತೆ ಪರೀಕ್ಷೆ ಮಾಡಿ ನೋಡಿದರೆ, ಒಳಗೆ ಉಳಿದದ್ದು ಸತ್ತ ಕಿಡ್ನಿ. ಬಕೆಟ್ಟಿಗೆ ಹೋದದ್ದು ಚೆನ್ನಾಗಿದ್ದದ್ದು.

ದೊಡ್ಡ ಡಾಕ್ಟರು ದನಿ ಏರಿಸಲಿಲ್ಲ. ಸೂಪರಿಂಟೆಂಡೆಂಟರ ಕೋಣೆಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದರು: "ನಾನು ನೋಡಿದ ಚಿತ್ರದಲ್ಲಿ ಕತ್ತಲಿದ್ದದ್ದು ಎಡಗಡೆ. ಎಕ್ಸ್‌ರೇ ಕೋಣೆಯಲ್ಲೇ ಚಿತ್ರ ತಿರುಗಿರಬೇಕು. ಏನಮ್ಮಾ, ಆ ಕನ್ನಡಿ ಗುಂಡಿ ಒತ್ತಿದ್ದೆಯಾ?"

ಎಡ ಬಲ ಅದಲುಬದಲು ಮಾಡುವ ಗುಂಡಿಯೊಂದು ಪುಟ್ಟಿಯ ಕಂಪ್ಯೂಟರಿನಲ್ಲಿ ಇದ್ದದ್ದು ನಿಜ. ಚಿಕ್ಕಮ್ಮನ ಚಿತ್ರ ತೆಗೆದ ದಿನ ಬೆಳಿಗ್ಗೆ, ಬೋರಲು ಮಲಗಿದ್ದ ಒಬ್ಬ ಅಜ್ಜನ ಬೆನ್ನಿನ ಚಿತ್ರಕ್ಕೆ ಅದನ್ನು ಒತ್ತಿದ್ದೂ ನಿಜ. ಒಮ್ಮೆ ಒತ್ತಿದರೆ ಮತ್ತೆ ಒತ್ತುವವರೆಗೂ ಅದು ಹಾಗೇ ಇರುತ್ತದೆ. ಮತ್ತೆ ಒತ್ತಿದೆನೋ ಇಲ್ಲವೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಶಾಲೆ ಅರ್ಧಕ್ಕೆ ಬಿಟ್ಟು, ಇಲ್ಲಿ ಕಸ ಗುಡಿಸಲು ಬಂದು, ನೋಡಿ ನೋಡಿಯೇ ಕೆಲಸ ಕಲಿತವಳು ಅವಳು. ಅಷ್ಟು ಓದಿದವರು ಕನ್ನಡಕ ಒರೆಸಿಕೊಂಡು ಒಂದು ಮಾತು ಹೇಳಿದರೆ ಅದು ಸುಳ್ಳಿರಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಸೂಪರಿಂಟೆಂಡೆಂಟರು ಕೈ ಎತ್ತಿದರು. "ಹೊರಗಿನ ಡಾಕ್ಟರುಗಳ ಕಮಿಟಿ ಬರುತ್ತೆ. ಚಿತ್ರ ಅವರೇ ತೆರೀತಾರೆ. ಅಲ್ಲೀವರೆಗೂ ಅದನ್ನ ಯಾರೂ ಮುಟ್ಟಕೂಡದು. ಕಂಪ್ಯೂಟರಿನಲ್ಲಿ ಯಾರು ತೆರೆದರು, ಯಾರು ಅಳಿಸಿದರು ಎಲ್ಲಾ ಹೆಸರು ಸಮೇತ ಬೀಳುತ್ತೆ, ಗೊತ್ತಲ್ಲ?"

ಗೊತ್ತಿತ್ತು. ಪುಟ್ಟಿಗೆ ಗೊತ್ತಿದ್ದಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಸಂಜೆ ವಾರ್ಡಿಗೆ ಹೋದರೆ ಚಿಕ್ಕಮ್ಮನ ತೋಳಿಗೆ ಎರಡು ಕೊಳವೆ. ಪಕ್ಕದಲ್ಲಿ ರಕ್ತ ತೊಳೆಯುವ ಯಂತ್ರ ಗರಗರ ಅನ್ನುತ್ತಿತ್ತು.

"ಬಾರೇ," ಅಂದಳು ಚಿಕ್ಕಮ್ಮ. "ನೋಡು, ಈ ಮಿಷನ್ನು ಥೇಟ್ ನಮ್ಮತ್ತೆ. ಮೈಯಲ್ಲಿರೋ ರಕ್ತ ಎಲ್ಲಾ ಹೀರುತ್ತೆ. ಇದು ತೊಳೆದು ವಾಪಸ್ ಕೊಡುತ್ತೆ, ಅವಳು ಕೊಡ್ತಿರ್ಲಿಲ್ಲ, ಅಷ್ಟೇ."

ಪುಟ್ಟಿ ನಗಲು ನೋಡಿದಳು, ಆಗಲಿಲ್ಲ. ತಾಯಿ ಸತ್ತಾಗ ಅವಳಿಗೆ ಇನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅಂದಿನಿಂದ ಜಡೆ ಹಾಕಿದವಳು, ಜ್ವರ ಬಂದರೆ ಹಣೆ ಮುಟ್ಟಿದವಳು, ಮದುವೆ ಮುರಿದಾಗ 'ನನ್ನ ಮನೇಲಿ ಎರಡು ತಟ್ಟೆ ಇದೆ' ಎಂದು ಮರುಮಾತಿಲ್ಲದೆ ಕರೆತಂದವಳು ಇವಳೇ.

"ಅಳಬೇಡ್ವೇ ಪುಟ್ಟಿ. ಯಾರ ತಪ್ಪು ಅಂತ ಗೊತ್ತಾಗತ್ತೆ. ಫೋಟೊ ಇದೆಯಲ್ಲ, ಅದು ಹೇಳುತ್ತೆ ಬಿಡು. ತಪ್ಪು ಆಸ್ಪತ್ರೆಯವರದ್ದೇ ಅಂತಾದ್ರೆ ನಾನು ಇರೋ ತನಕ ಈ ಮಿಷನ್ನು ಬಿಟ್ಟಿ ಅಂತೆ, ನರ್ಸಮ್ಮ ಹೇಳಿದ್ಲು. ಬೇರೆ ಕಿಡ್ನಿ ಹಾಕೋ ದಾರಿನೂ ಅವರೇ ನೋಡ್ಬೇಕಂತೆ."

ಫೋಟೊ ಹೇಳುತ್ತದೆ. ಚಿಕ್ಕಮ್ಮ ಅದನ್ನು ಸಮಾಧಾನಕ್ಕೆ ಹೇಳಿದ್ದಳು. ಪುಟ್ಟಿಗೆ ಅದು ಕುತ್ತಿಗೆಯ ಮೇಲೆ ಇಟ್ಟ ಕತ್ತಿಯಂತೆ ಕೇಳಿಸಿತು. ಕೆಲಸ ಹೋದರೆ ಹೋಗಲಿ. ಆದರೆ ಕಮಿಟಿಯವರು ಚಿತ್ರ ತೆರೆದು, ಇದು ನಿಮ್ಮ ಹುಡುಗಿಯದೇ ತಪ್ಪು ಎಂದು ಈ ಮಂಚದ ಮುಂದೆ ನಿಂತು ಹೇಳಿದರೆ? ಆಗ ಚಿಕ್ಕಮ್ಮ ತನ್ನ ಕಡೆ ತಿರುಗಿ ನೋಡುವ ನೋಟ? ಅದೊಂದನ್ನು ಮಾತ್ರ ತಡೆದುಕೊಳ್ಳಲು ತನ್ನಿಂದ ಸಾಧ್ಯವಿಲ್ಲ. ಹೋದ ಕಿಡ್ನಿ, ಚಿತ್ರ ನೋಡಿದರೆ ವಾಪಸ್ ಬರುತ್ತದೆಯೇ? ಇಲ್ಲವಲ್ಲ. ಇನ್ನು ಈ ಮಂಚ, ಈ ಯಂತ್ರ? ಇಲ್ಲೇ ಇಷ್ಟು ವರ್ಷ ದುಡಿದಿದ್ದೇನೆ, ಚಿತ್ರ ಇಲ್ಲವೆಂದ ಮಾತ್ರಕ್ಕೆ ಚಿಕ್ಕಮ್ಮನನ್ನು ಹೊರಗೆ ಹಾಕುತ್ತಾರೆಯೇ?

ಅವಳು ತನಗೆ ತಾನೇ ಹಾಗೆ ಹೇಳಿಕೊಂಡಳು. ಹೇಳಿಕೊಂಡ ಮೇಲೆ ಉಳಿದದ್ದೆಲ್ಲ ಬರಿಯ ಕೆಲಸ. ಕೆಲಸ ಅವಳಿಗೆ ಬರುತ್ತಿತ್ತು.

ಆ ಒಂದು ಚಿತ್ರವನ್ನು ಅಳಿಸುವಂತಿಲ್ಲ, ಹೆಸರು ಬೀಳುತ್ತದೆ. ಒಮ್ಮೆ ತೆರೆದು, ನಿಜಕ್ಕೂ ತಿರುಗಿದೆಯೇ ಎಂದು ಕಣ್ಣಾರೆ ನೋಡುವಂತೆಯೂ ಇಲ್ಲ, ಅದಕ್ಕೂ ಹೆಸರು ಬೀಳುತ್ತದೆ. ನೋಡಬೇಕೆಂಬ ಆಸೆ ಅವಳಿಗೆ ಎಷ್ಟೋ ಸಲ ಬಂತು. ಆಸೆಪಟ್ಟವರೇ ಸಿಕ್ಕಿಬೀಳುವುದು ಎಂದು ಕೈ ಕಟ್ಟಿಕೊಂಡಳು. ಎಕ್ಸ್‌ರೇ ಯಂತ್ರದೊಳಗಿನ ಹಳೆಯ ನೆನಪು ಹೊಸ ಚಿತ್ರಗಳು ಬಂದಂತೆ ತಾನಾಗಿ ಅಳಿಸಿಹೋಗುತ್ತದೆ, ಅದು ಆಗಲೇ ಹೋಗಿತ್ತು. ಫಿಲ್ಮ್ ಅಚ್ಚು ಹಾಕುವುದನ್ನು ಆಸ್ಪತ್ರೆ ಎಂದೋ ನಿಲ್ಲಿಸಿತ್ತು. ಉಳಿದದ್ದು ಡಬ್ಬಿಯೊಂದೇ.

ಡಬ್ಬಿಯ ಒಳಗುಟ್ಟು ಅವಳಿಗೆ ಹೇಳಿಕೊಟ್ಟಿದ್ದು ಡಬ್ಬಿ ಮಾಮ. ಅದನ್ನು ರಿಪೇರಿ ಮಾಡಲು ಬರುವ ಮನುಷ್ಯ, ಮಾತಿನ ಮಲ್ಲ. ಕೆಲಸ ಮುಗಿದ ಮೇಲೂ ಟೀ ಬರುವವರೆಗೆ ಏಳುತ್ತಿರಲಿಲ್ಲ. ಹಿಂದೊಮ್ಮೆ ಟೀ ಜೊತೆ ಬಂದ ಬಿಸ್ಕತ್ತುಗಳನ್ನು ಮೇಜಿನ ಮೇಲೆ ಹರಡಿ ಪಾಠ ಮಾಡಿದ್ದ.

"ನೋಡಮ್ಮ, ಒಂದು ಚಿತ್ರ ಬಂತು ಅಂದ್ರೆ ಡಬ್ಬಿ ಅದನ್ನ ಇಡಿಯಾಗಿ ಒಂದು ಡಿಸ್ಕಿನಲ್ಲಿ ಇಡಲ್ಲ. ಪಟ್ಟಿ ಪಟ್ಟಿ ಕತ್ತರಿಸಿ ಮೂರು ಡಿಸ್ಕಿಗೆ ಹಂಚುತ್ತೆ. ನಾಲ್ಕನೇದರಲ್ಲಿ ಆ ಮೂರರ ಲೆಕ್ಕ. ಈಗ ನನ್ನ ಹತ್ರ ನಾಲ್ಕು ಬಿಸ್ಕತ್ತು, ನಿನ್ನ ಹತ್ರ ಎರಡು, ಕೌಂಟರ್ ಅಕ್ಕನ ಹತ್ರ ಮೂರು. ಒಟ್ಟು ಒಂಬತ್ತು ಅಂತ ನರ್ಸಮ್ಮ ನೆನಪಿಟ್ಕೊಂಡಿದ್ದಾರೆ. ಅಕ್ಕ ತನ್ನ ಪಾಲು ತಿಂದು ಬಾಯಿ ಒರೆಸ್ಕೊಂಡು ಕೂತರು ಅನ್ನು..."

"ತಿನ್ನೋಳು ನಾನೇ ಯಾಕಾಗ್ಬೇಕು?" ಎಂದು ರೋಗಿಗಳ ಚೀಟಿ ಬರೆಯುವ ಕೌಂಟರ್ ಅಕ್ಕ ರೇಗಿದ್ದಳು.

"ಉದಾಹರಣೆಗಮ್ಮ! ಅವರು ಎಷ್ಟು ತಿಂದ್ರು?"

"ಒಂಬತ್ತರಲ್ಲಿ ನಿಮ್ಮದೂ ನನ್ನದೂ ಕಳೆದ್ರೆ ಮೂರು," ಎಂದಿದ್ದಳು ಪುಟ್ಟಿ.

"ಶಭಾಷ್! ಹೋದ ಪಟ್ಟಿ ಹಾಗೇ ವಾಪಸ್ ಬರುತ್ತೆ. ಲೆಕ್ಕ ಇಡೋ ಸರದಿನೂ ಒಂದೇ ಡಿಸ್ಕಿಗಲ್ಲ, ಪಟ್ಟಿಗೊಬ್ಬರ ಹಾಗೆ ತಿರುಗ್ತಾ ಇರುತ್ತೆ. ಅದಕ್ಕೇ ಒಂದು ಡಿಸ್ಕು, ಅದು ಯಾವುದೇ ಆಗ್ಲಿ, ಸತ್ರೂ ಏನೂ ಕಳೆಯಲ್ಲ. ಹೊಸದು ಹಾಕಿದ್ರೆ ಉಳಿದ ಮೂರೂ ಸೇರಿ ಸತ್ತೋನನ್ನ ಮತ್ತೆ ಬರೆದು ಕೊಡ್ತವೆ."

"ಇಬ್ಬರು ತಿಂದ್ರೆ?"

ಡಬ್ಬಿ ಮಾಮ ಬಿಸ್ಕತ್ತು ಬಾಯಿಗೆ ಹಾಕಿಕೊಂಡು ಕೈ ಝಾಡಿಸಿದ್ದ. "ಇಬ್ಬರು ತಿಂದ್ರೆ ದೇವರೇ ಗತಿ. ಎಲ್ಲಾ ಚಿತ್ರದಲ್ಲೂ ಅರ್ಧರ್ಧ ಪಟ್ಟಿ ಇಲ್ಲ. ಉಳಿದಿದ್ದು ಚಿಂದಿ."

ಬೇರೆ ಕಡೆ ಒಂದು ಪ್ರತಿ ಮಾಡಿಡಿ ಎಂದು ಅವನು ಸೂಪರಿಂಟೆಂಡೆಂಟರಿಗೆ ಹೇಳಿ ಹೇಳಿ ಸೋತಿದ್ದ. ನಾಲ್ಕು ಡಿಸ್ಕು ಒಂದನ್ನೊಂದು ಕಾಯ್ತವೆ ಅಂತ ನೀನೇ ಅಂದೆಯಲ್ಲ, ಇನ್ನೊಂದು ಯಾಕೆ ಎಂದು ಅವರು ಮಾತು ಮುಗಿಸಿದ್ದರು.

ಹಾಗಾಗಿ ಇಬ್ಬರು ತಿನ್ನಬೇಕು, ಎರಡು ಡಿಸ್ಕು ಸಾಯಬೇಕು. ಒಟ್ಟಿಗೆ ತಿಂದರೆ ಅನುಮಾನ. ಒಬ್ಬ ಮೊದಲು, ಅವನ ಜಾಗ ತುಂಬುವ ಮುಂಚೆ ಇನ್ನೊಬ್ಬ. ಒಂದೇ ದಿನ ಕೊಂಡ ಡಿಸ್ಕುಗಳು ಹೆಚ್ಚುಕಡಿಮೆ ಒಟ್ಟಿಗೇ ಮುದಿಯಾಗುತ್ತವೆ, ಸತ್ತದ್ದನ್ನು ಮತ್ತೆ ಬರೆಯುವ ದುಡಿತದಲ್ಲೇ ಉಳಿದವು ಪ್ರಾಣ ಬಿಡುತ್ತವೆ ಎಂದು ಡಬ್ಬಿ ಮಾಮ ಸದಾ ಹೆದರುತ್ತಿದ್ದ. ಪುಟ್ಟಿ ಅವನ ಹೆದರಿಕೆಯನ್ನೇ ತನ್ನ ಉಪಾಯ ಮಾಡಿಕೊಂಡಳು.

ಅಡ್ಡಿಯೊಂದು ಇತ್ತು. ಚಿತ್ರಗಳೆಲ್ಲ ಪಟ್ಟಿ ಪಟ್ಟಿಯಾಗಿ ಬೆರೆತಿರುವ ಡಬ್ಬಿಯಲ್ಲಿ ಚಿಕ್ಕಮ್ಮನದನ್ನಷ್ಟೇ ಕೊಲ್ಲಲು ದಾರಿಯಿರಲಿಲ್ಲ. ಹೋದರೆ ಎಲ್ಲರದೂ ಹೋಗಬೇಕು. ಬೋರಲು ಮಲಗಿದ್ದ ಅಜ್ಜನ ಬೆನ್ನು, ಪಕ್ಕದ ಬೀದಿಯ ಟೈಲರನ ಎದೆ, ಯಾರ್ಯಾರದೋ ಮುರಿದು ಕೂಡಿದ ಮೂಳೆಗಳು. ಅವರಿಗೆಲ್ಲ ಮತ್ತೊಮ್ಮೆ ತೆಗೆದುಕೊಡುತ್ತೇನೆ ಎಂದು ಪುಟ್ಟಿ ಮನಸ್ಸಿನಲ್ಲೇ ಒಪ್ಪಂದ ಮಾಡಿಕೊಂಡಳು. ಆ ಒಪ್ಪಂದಕ್ಕೆ ಅವರ್‍ಯಾರ ಒಪ್ಪಿಗೆಯೂ ಇರಲಿಲ್ಲ.

ಆಗಾಗ ಡಬ್ಬಿಯನ್ನು ಆರಿಸಿ ಒಳಗಿನ ಧೂಳು ತೆಗೆಯುವುದು ಅವಳದೇ ಪಾಳಿ. ಆ ಸಲದ ಪಾಳಿ ಬಂದಾಗ ರೋಗಿಗಳು ಬರುವ ಮೊದಲೇ ಬಂದಳು. ಡಬ್ಬಿ ಆರಿಸಿ, ಒಂದು ಡಿಸ್ಕನ್ನು ಖಾನೆಯಿಂದ ಎಳೆದಳು. ಕೈಯಲ್ಲಿ ಅದು ಸೋಪಿನ ಪೆಟ್ಟಿಗೆಯಷ್ಟು ಗಾತ್ರ, ಇಸ್ತ್ರಿ ಪೆಟ್ಟಿಗೆಯಂಥ ಭಾರ. ಟವೆಲ್ಲಿನಲ್ಲಿ ಸುತ್ತಿ ಸಿಂಕಿನ ಅಂಚಿಗೆ ಬಡಿದಳು. ಇನ್ನೊಮ್ಮೆ ಬಡಿದಳು. ಹೊರಗೆ ಒಂದು ಗೀರೂ ಬೀಳಲಿಲ್ಲ. ಮತ್ತೆ ಖಾನೆಗೆ ತಳ್ಳಿ ಸ್ವಿಚ್ಚು ಹಾಕಿದಳು. ಮೂರು ದೀಪ ಹಸಿರಾದವು. ನಾಲ್ಕನೆಯದು ಕೆಂಪಗೆ ಉರಿದು, ಒಳಗಿನಿಂದ ಹಲ್ಲಿ ಲೊಚಗುಟ್ಟಿದಂಥ ಸದ್ದು ಬಂತು. ಆರಿಸಿ ಹಾಕುವಾಗಲೇ ಡಿಸ್ಕುಗಳು ಹೆಚ್ಚು ಸಾಯುವುದು. ಇದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ.

ಡಬ್ಬಿ ಮಾಮ ಹೊಸ ಡಿಸ್ಕು ತಂದು ಹಾಕಿದ. ಮರುಬರೆಹ ಶುರುವಾಯಿತು. ನಾಲ್ಕನೆಯ ದೀಪ ಹಳದಿಯಾಗಿ ಮಿಟುಕತೊಡಗಿತು. ಉಳಿದ ಮೂರು ಒಂದೇ ಉಸಿರಿಗೆ ದುಡಿಯುವ ಸದ್ದು ಕೋಣೆ ತುಂಬಿತು.

"ಸಂಜೆ ತನಕ ಇದನ್ನ ಬಾಣಂತಿ ಥರ ನೋಡ್ಕೋಬೇಕು," ಎಂದ. "ಈಗ ಲೆಕ್ಕ ಹೇಳೋರು ಮೂರೇ ಜನ. ಪಕ್ಕದಲ್ಲಿ ಯಾರೂ ಜೋರಾಗಿ ಕೆಮ್ಮಲೂ ಬಾರದು. ನಿನ್ನ ಮೇಲೆ ಬಿಟ್ಟು ಹೋಗ್ತಿದ್ದೀನಿ, ಕಣಮ್ಮ."

"ಆಯ್ತು ಮಾಮ," ಎಂದಳು ಪುಟ್ಟಿ. ಅವನ ಮುಖ ನೋಡಲಿಲ್ಲ.

ಡಬ್ಬಿಯ ನೇರ ಮೇಲಿದ್ದ ಕೊಕ್ಕೆಯ ಕೆಲಸ ಹಿಂದಿನ ದಿನವೇ ಆಗಿತ್ತು. ಗೋಡೆಯಲ್ಲಿದ್ದ ಸ್ಕ್ರೂ ಮೊದಲೇ ಅಲುಗಾಡುತ್ತಿತ್ತು. ಅದನ್ನು ಇನ್ನಷ್ಟು ಸಡಿಲಿಸಿ, ಉದುರಿದ ಸುಣ್ಣವನ್ನು ಗುಡಿಸಿರಲಿಲ್ಲ. ಊಟದ ಹೊತ್ತಿಗೆ ಮುಂಚೆ, ಕೌಂಟರ್ ಅಕ್ಕ ಬಾಗಿಲಲ್ಲೇ ನಿಂತು ಮುಂದಿನ ರೋಗಿಯ ಹೆಸರು ಕೂಗುತ್ತಿದ್ದಾಗ, ಸಾಕ್ಷಿಗೆ ಅವಳಿಗಿಂತ ಒಳ್ಳೆಯ ಬಾಯಿ ಬೇರೆ ಸಿಗದು ಎಂದು ಗೊತ್ತಿದ್ದೇ, ಪುಟ್ಟಿ ಮೈಮೇಲಿನ ಸೀಸದ ಅಂಗಿ ಬಿಚ್ಚಿ ದಿನವೂ ತೂಗುಹಾಕುವಂತೆ ಆ ಕೊಕ್ಕೆಗೆ ತೂಗುಹಾಕಿ ತಿರುಗಿದಳು. ಎರಡು ಹೆಜ್ಜೆ ಇಡುವುದರೊಳಗೆ ಹಿಂದೆ ಧೊಪ್ ಎಂದಿತು. ಅಂಗಿ ಡಬ್ಬಿಯ ಮೇಲೆ, ಡಬ್ಬಿ ಸ್ಟೂಲಿನಿಂದ ನೆಲಕ್ಕೆ. ಓಡುತ್ತಿದ್ದ ಡಿಸ್ಕುಗಳಲ್ಲಿ ಒಂದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಕಿರುಚಿ ನಿಂತಿತು.

"ಅಯ್ಯೋ! ಆ ಕೊಕ್ಕೆ ಸರಿಮಾಡ್ಸಿ ಅಂತ ನಾನು ಎಷ್ಟು ಸಲ ಬಡ್ಕೊಂಡೆ!" ಎಂದು ಕೌಂಟರ್ ಅಕ್ಕ ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದಳು. ಅವಳು ಒಂದು ಸಲವೂ ಹೇಳಿರಲಿಲ್ಲ.

ಡಬ್ಬಿ ಮಾಮ ಓಡಿಬಂದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಅವತ್ತು ಟೀ ತಂದರೂ ಮುಟ್ಟಲಿಲ್ಲ. ಡಿಸ್ಕುಗಳನ್ನು ಬಿಚ್ಚಿ ಓದುವವರ ಹತ್ತಿರ ಕಳಿಸಿ ನೋಡಿದ. ಕಿರುಚಿ ನಿಂತದ್ದರ ಒಳಗಿನ ತಟ್ಟೆ ಪೂರ್ತಿ ಕೆರೆದುಹೋಗಿದೆ, ಮೊದಲು ಸತ್ತದ್ದೂ ಹಾಗೆಯೇ, ಹೊಸದರಲ್ಲಿ ಇನ್ನೂ ಹೆಚ್ಚೇನೂ ತುಂಬಿರಲಿಲ್ಲ, ಉಳಿದ ಎರಡರಿಂದ ಒಂದು ಚಿತ್ರವೂ ಎದ್ದು ಬರುವುದಿಲ್ಲ ಎಂದು ಅವರು ಹೇಳಿಕಳಿಸಿದರು. ಅದನ್ನು ಹೇಳುವಾಗ ಅವನ ಕಣ್ಣು ಕೆಂಪಾಗಿತ್ತು. "ನಾನೇ ಇಲ್ಲಿ ಕೂತಿರಬೇಕಿತ್ತು. ನೀನು ಏನೂ ಅಂದ್ಕೋಬೇಡಮ್ಮ, ನಿನ್ನ ತಪ್ಪಲ್ಲ."

ನಿನ್ನ ತಪ್ಪಲ್ಲ. ಆ ಮಾತು ಕೇಳಲು ಪುಟ್ಟಿ ಎಷ್ಟು ದಿನದಿಂದ ಕಾದಿದ್ದಳು! ಅವತ್ತು ಅವಳು ಮನೆಗೆ ಹೋಗಿ, ಚಿಕ್ಕಮ್ಮನ ಎರಡು ತಟ್ಟೆಗಳನ್ನೂ ತೊಳೆದಿಟ್ಟು, ಗೋಡೆಗೆ ಒರಗಿ ಕೂತಲ್ಲೇ ನಿದ್ದೆಹೋದಳು.

ಕಮಿಟಿಯ ಡಾಕ್ಟರುಗಳು ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ನೋಡಲು ಚಿತ್ರವೇ ಇಲ್ಲದ ಮೇಲೆ ಅವರು ಕಾಫಿ ಕುಡಿದು ಎದ್ದರು. ಆಮೇಲೆ ಸೂಪರಿಂಟೆಂಡೆಂಟರು, ದೊಡ್ಡ ಡಾಕ್ಟರು ಇಬ್ಬರೂ ವಾರ್ಡಿಗೆ ಬಂದು ಚಿಕ್ಕಮ್ಮನ ಮಂಚದ ಬಳಿ ನಿಂತರು. ಪುಟ್ಟಿ ತಲೆದಿಂಬಿನ ಪಕ್ಕ ನಿಂತಿದ್ದಳು.

"ನೋಡಿ ಅಮ್ಮಾ," ಎಂದರು ಸೂಪರಿಂಟೆಂಡೆಂಟರು, "ಯಂತ್ರ ಕೆಟ್ಟು ಎಲ್ಲಾ ಚಿತ್ರಾನೂ ಹೋಯ್ತು. ಯಾರನ್ನ ಏನು ಅನ್ನೋಣ? ಚಿತ್ರ ಇಲ್ದೆ ಯಾರ ತಪ್ಪು ಅಂತ ತೀರ್ಮಾನ ಮಾಡಕ್ಕಾಗಲ್ಲ. ವಿಚಾರಣೆ ಮುಗಿಸಿದ್ದೀವಿ. ಈ ವಾರ ಕಳೆದ ಮೇಲೆ ಡಯಾಲಿಸಿಸ್ಸಿಗೆ ನೀವೇ ಬೇರೆ ಎಲ್ಲಾದ್ರೂ ವ್ಯವಸ್ಥೆ ಮಾಡ್ಕೋಬೇಕಾಗುತ್ತೆ. ಮಂಚಕ್ಕೆ ಕಾಯೋರು ಇದ್ದಾರೆ."

"ಸರ್, ನಾನು ಇಲ್ಲೇ ಕೆಲಸ..." ಎಂದು ಪುಟ್ಟಿ ಬಾಯಿ ತೆರೆದಳು.

ದೊಡ್ಡ ಡಾಕ್ಟರು ಅವಳ ಭುಜ ಮೆಲ್ಲಗೆ ತಟ್ಟಿದರು. ಇಷ್ಟು ವರ್ಷದಲ್ಲಿ ಅವರು ಅವಳನ್ನು ಮುಟ್ಟಿ ಮಾತಾಡಿಸಿದ್ದು ಅದೇ ಮೊದಲು. "ನಿನ್ನ ಮೇಲೂ ಏನೂ ಬರದ ಹಾಗೆ ನೋಡ್ಕೊಂಡಿದ್ದೀನಿ. ಮನಸ್ಸಿಗೆ ಹಚ್ಕೋಬೇಡ." ಅವರ ಮುಖದಲ್ಲಿದ್ದ ನೆಮ್ಮದಿಯನ್ನು ಪುಟ್ಟಿ ನೋಡಿದಳು. ಅದು ತನ್ನ ನೆಮ್ಮದಿಯಂತೆಯೇ ಇತ್ತು. ಯಾಕೆ ಹಾಗಿದೆ ಎಂದು ಒಂದು ಕ್ಷಣ ತಿಳಿಯಲಿಲ್ಲ.

ಚಿಕ್ಕಮ್ಮ ಮಾತ್ರ ಒಂದಿಷ್ಟೂ ಗಾಬರಿಯಾಗಲಿಲ್ಲ. ಕೊಳವೆಯಿಲ್ಲದ ಕೈ ಊರಿ ಮೇಲೆದ್ದು ಕೂತು, ಏನೂ ತಿಳಿಯದ ಮಕ್ಕಳಿಗೆ ಹೇಳುವಂತೆ ಶುರುಮಾಡಿದಳು. "ತೀರ್ಮಾನ ಯಾಕಾಗಲ್ಲ? ನನ್ನನ್ನ ಯಾರೂ ಕೇಳ್ಲಿಲ್ಲ, ಅದಕ್ಕೇ ಸುಮ್ನಿದ್ದೆ. ಅವತ್ತು ಇವಳು ನನ್ನ ಎಡಗಡೆ ಸೊಂಟದ ಪಕ್ಕ ಒಂದು ಬಿಲ್ಲೆ ಅಂಟಿಸಿದ್ಲು, ಮಂಜಿನ ಹಾಗೆ ತಣ್ಣಗಿತ್ತು. ಏನೇ ಇದು ತಾಯಿತ ಕಟ್ತೀಯಾ ಅಂತ ನಾನು ನಕ್ಕೆ. ಆಮೇಲೆ ಟೀವಿ ಥರದ್ದರಲ್ಲಿ ತೋರ್ಸಿದ್ಲಲ್ಲ, ಫೋಟೊದಲ್ಲಿ ಬಿಲ್ಲೆನೂ ಬಿದ್ದಿತ್ತು, ಬೆಳ್ಳಗೆ. ಬಿಲ್ಲೆ ಇದ್ದ ಕಡೆ ದೀಪ ಹಚ್ಚಿದ ಹಾಗೆ ಬೆಳಗ್ತಿತ್ತು, ಇನ್ನೊಂದು ಕಡೆಯದು ಕತ್ತಲು. ನನ್ನ ಹೊಟ್ಟೆ ಒಳಗಿಂದು, ನಾನು ಮರೀತೀನಾ?" ಪುಟ್ಟಿಯ ಕೈ ತಾನಾಗಿ ಜೇಬಿಗೆ ಹೋಯಿತು. ಬೆಳಿಗ್ಗೆ ಅಂಟು ಕೆರೆದು ಒರೆಸಿಟ್ಟ ಎರಡೂ ಬಿಲ್ಲೆಗಳು ಅಲ್ಲಿದ್ದವು. ಉಸಿರಾಡಿದಷ್ಟೇ ಸಲೀಸಾಗಿ ಪ್ರತಿಯೊಬ್ಬ ರೋಗಿಗೂ ಅವಳು ಅಂಟಿಸುತ್ತಿದ್ದ ಬಿಲ್ಲೆ. ಅದು ದೇಹದ ಜೊತೆಗೇ ಚಿತ್ರಕ್ಕೆ ಇಳಿಯುತ್ತದೆ, ಯಾವ ಗುಂಡಿ ಒತ್ತಿದರೂ ದೇಹದ ಜೊತೆಗೇ ತಿರುಗುತ್ತದೆ. ಚಿತ್ರ ನೆಟ್ಟಗಿರಲಿ, ತಿರುಗಿರಲಿ, ಎಡ ಯಾವುದೆಂದು ಅದರ ಮೇಲೇ ಬರೆದಿತ್ತು. ಬಿಲ್ಲೆ ನೋಡದೆ ಕತ್ತಿ ಹಾಕಿದ ದೊಡ್ಡ ಡಾಕ್ಟರು ಈಗ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. "ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ," ಎಂದಳು ಚಿಕ್ಕಮ್ಮ, ಪುಟ್ಟಿಯ ಸೆರಗು ಹಿಡಿದು. "ಆ ಫೋಟೊ ಒಂದು ತಂದು ಇವರಿಗೆ ತೋರ್ಸೇ, ಪುಟ್ಟಿ." ಯಂತ್ರ ಗರಗರ ತಿರುಗುತ್ತಲೇ ಇತ್ತು.